ಮುದ್ರಣದ ಪದಕವೂ ಹಾಡುವಳ್ಳಿಯ ಗ್ರಂಥವೂ

ಮುದ್ರಣಕಲೆಗೆ ನಾಲ್ಕುನೂರು ವರ್ಷ ತುಂಬಿತೆಂದು ಯೂರೋಪಖಂಡದ ಹಲವು ಪಟ್ಟಣಗಳು 1840ರಲ್ಲಿ ಉತ್ಸವ ನಡೆಯಿಸಿ, ಗುಟೆನ್‌ಬರ್ಗನ ನೆನಪಿಗೆ ಪದಕಗಳನ್ನು ಟಂಕಿಸಿದುವು. ಆ ಗೌರವವು ಯುಕ್ತವಾದುದೇ. ಅಕ್ಕಸಾಲೆಯ ಕೆಲಸವನ್ನು ಬಲ್ಲ ಆತನ ವಿದ್ಯೆಗೂ ಟಂಕಸಾಲೆಯ ವಿದ್ಯೆಗೂ ಹತ್ತಿರದ ನಂಟು. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ತಿರುವುಮುರುವಾಗಿ ಕೆತ್ತಿ, ತಾಮ್ರದಲ್ಲಿ ಒತ್ತಿ, ಆ ಕುಳಿಗೆ ಸೀಸದ ಮಿಶ್ರಲೋಹವನ್ನು ಎರೆದರೆ ಅಚ್ಚಿನ ಮೊಳೆ. ಉಕ್ಕಿನಲ್ಲಿ ರೂಪವನ್ನು ಕುಳಿಯಾಗಿ ಕೊರೆದು ಲೋಹದ ಬಿಲ್ಲೆಯ ಮೇಲೆ ಬಲವಾಗಿ ಒತ್ತಿದರೆ ಪದಕ.

ಆ ವರ್ಷ ಕನ್ನಡದಲ್ಲಿ ಒಂದು ವೃತ್ತಪತ್ರಿಕೆಯೂ ಇರಲಿಲ್ಲ. ಕೇರಿಯ ಕನ್ನಡ ವ್ಯಾಕರಣವು 1817ರಲ್ಲಿ ದೂರದ ಶ್ರೀರಾಮಪುರದಲ್ಲಿ ಅಚ್ಚಾಗಿದ್ದಿತು. ‘ಮಂಗಳೂರ ಸಮಾಚಾರ’ವು ಹೊರಟದ್ದು 1843ರ ಜುಲೈ 1ರಂದು, ಅದೂ ಕಲ್ಲಚ್ಚಿನಲ್ಲಿ. ಭಟ್ಕಳ, ಹೊನ್ನಾವರ, ಕುಮಟೆಗಳು ಆಗ ಮಂಗಳೂರು ಮುಖ್ಯಸ್ಥಳವಾಗಿದ್ದ ಅವಿಭಕ್ತ ಕೆನರಾ ಜಿಲ್ಲೆಯವೇ. 1862ರಲ್ಲಿ ಉತ್ತರಭಾಗವು ಮುಂಬಯಿ ಪ್ರಾಂತಕ್ಕೆ ಸೇರಿತು. ಧಾರವಾಡದ ಹತ್ತಿಯು ಕುಮಟೆಯ ಬಂದರಿನಿಂದ ಮುಂಬಯಿಗೆ ಹೋಗುತ್ತಿದ್ದ ಆ ಕಾಲದಲ್ಲಿ ಜನರ ಮುಖವೂ ಅತ್ತ ತಿರುಗಿತು. ಹೊನ್ನಾವರದ ಬಳಿಯ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳ ‘ಇಗ್ಗಪ್ಪ ಹೆಗಡೆ ವಿವಾಹ ಪ್ರಹಸನ’ವು 1887ರಲ್ಲಿ ಪ್ರಕಟವಾಯಿತು. ಕನ್ಯಾವಿಕ್ರಯವನ್ನು ಕುಟುಕಿದ ಆ ನಾಟಕವು ಕೈಬರಹದಲ್ಲಿಯೇ ಉಳಿದಿದ್ದರೆ, ಬೈಸಿಕೊಳ್ಳಬೇಕಾದವರ ಮನೆಯ ಬಾಗಿಲನ್ನು ಅದು ಮುಟ್ಟುತ್ತಿರಲಿಲ್ಲ!

ಆದರೆ ಈ ಕರಾವಳಿಯ ಹೆಸರಿನಲ್ಲಿ ಒಂದು ಪದಕವನ್ನು ಟಂಕಿಸುವುದಾದರೆ ಅದಕ್ಕೆ ಯಂತ್ರದ ಚಿತ್ರವು ಒಪ್ಪದು. ಭಟ್ಕಳ ಸೀಮೆಯ ಹಾಡುವಳ್ಳಿಯೇ ಹಿಂದಿನ ಸಂಗೀತಪುರ. ಅಲ್ಲಿಯ ಮಠದ ಅಕಳಂಕದೇವನ ಶಿಷ್ಯನಾದ ಭಟ್ಟಾಕಳಂಕನು 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದನು. 592 ಸೂತ್ರಗಳು, ಮಾತು ಸಂಸ್ಕೃತ, ವಿಷಯ ಕನ್ನಡ. ಕನ್ನಡವು ಶಾಸ್ತ್ರಕ್ಕೆ ತಕ್ಕುದಲ್ಲವೆನ್ನುವವರನ್ನು ಅವರ ಭಾಷೆಯಲ್ಲಿಯೇ ಇದಿರಿಸಿದ ಗ್ರಂಥವದು. ಗೋವೆಯಲ್ಲಿ 1556ರಲ್ಲಿಯೇ ಅಚ್ಚುಕೂಟವು ನೆಲೆಗೊಂಡಿದ್ದಿತು. ಹಾಡುವಳ್ಳಿಗೆ ಅದು ಬಹು ದೂರವೇನಲ್ಲ. ಆದರೂ ಈ ವ್ಯಾಕರಣವು ಬಿ. ಎಲ್. ರೈಸರ ಸಂಪಾದನೆಯಲ್ಲಿ ಬೆಂಗಳೂರಿನಿಂದ ಅಚ್ಚಾಗಿ ಬಂದದ್ದು 1890ರಲ್ಲಿ. ನಡುವಣ 286 ವರ್ಷ ಅದನ್ನು ಉಳಿಸಿದವರು, ಹುಳು ತಿಂದ ಪ್ರತಿಯನ್ನು ಇದಿರಿಗಿಟ್ಟುಕೊಂಡು ಹೊಸ ಓಲೆಗರಿಯ ಮೇಲೆ ಬರೆಯುತ್ತ ಬಂದ ಲಿಪಿಕಾರರು. ಪದಕದಲ್ಲಿ ಕೆತ್ತಬೇಕಾದುದು ಅವರ ಕೈಯ ಕಂಟವನ್ನು.