ಜರ್ಮನ್ ಭಾಷೆಯಲ್ಲಿ ಪದವಿ: ಜಮಖಂಡಿ, ಮುಧೋಳ ಸೀಮೆಯ ವಿದ್ಯಾರ್ಥಿಗಳ ಮುಂದಿರುವ ದಾರಿ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಭಾಗದಲ್ಲಿ ಕಲಾ ಪದವಿ ಎಂದರೆ ಕನ್ನಡ, ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳೇ ಕಣ್ಣಮುಂದೆ ಬರುತ್ತವೆ. ವಿದೇಶಿ ಭಾಷೆಯೊಂದನ್ನೇ ಮುಖ್ಯ ವಿಷಯವಾಗಿ ಆರಿಸಿಕೊಂಡು ಪದವಿ ಪಡೆಯಬಹುದೆಂಬ ಸಂಗತಿ ಅನೇಕರಿಗೆ ತಿಳಿಯುವುದು ಅರ್ಜಿಯ ಅವಧಿ ಮುಗಿದ ಮೇಲೆ. ಜರ್ಮನ್ ಕಲಿಯಬಯಸುವವರು ಊರು ಬಿಡುವುದು ಅನಿವಾರ್ಯ. ಆದರೆ ಜರ್ಮನ್‌ನ ಅಕ್ಷರಜ್ಞಾನವೂ ಇಲ್ಲದವರಿಗೆ ಪ್ರವೇಶ ನೀಡುವ ಪದವಿಗಳು ದೇಶದಲ್ಲಿವೆ ಎಂಬುದು ಗಮನಾರ್ಹ.

ಹಳೆಯ ನಂಟು

ಜರ್ಮನ್ನರಿಗೂ ಈ ನಾಡಿಗೂ ಇರುವ ಸಂಬಂಧ ಹೊಸದಲ್ಲ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿನಲ್ಲಿ, 1837ರಲ್ಲಿ ಧಾರವಾಡದಲ್ಲಿ ನೆಲೆಯೂರಿತು. ಇಂದಿನ ಬಾಗಲಕೋಟೆ ಜಿಲ್ಲೆಗೆ ಸೇರಿದ ನೇಕಾರರ ಊರು ಗುಳೇದಗುಡ್ಡದಲ್ಲಿ 1851ರಲ್ಲಿ ಅದರ ಕೇಂದ್ರ ಆರಂಭವಾಯಿತು. ಹರ್ಮನ್ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರತಂದರು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾಯಿತು. ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಇಬ್ಬರಿಗೂ ಗೌರವ ಡಾಕ್ಟರೇಟ್ ನೀಡಿತು. ಅವರು ಕನ್ನಡ ಕಲಿತಷ್ಟು ಶ್ರದ್ಧೆಯಿಂದ ಜರ್ಮನ್ ಕಲಿತ ಕನ್ನಡಿಗರು ಇಂದಿಗೂ ವಿರಳ.

ಪದವಿಯಲ್ಲಿ ಏನಿರುತ್ತದೆ?

ಸರ್ಟಿಫಿಕೇಟ್ ಕೋರ್ಸ್ ಬೇರೆ, ಪದವಿ ಬೇರೆ. ಭಾಷಾ ಸಾಮರ್ಥ್ಯವನ್ನು ಯುರೋಪಿನ ಮಾನದಂಡದಂತೆ ಎ1, ಎ2, ಬಿ1, ಬಿ2, ಸಿ1, ಸಿ2 ಎಂಬ ಆರು ಹಂತಗಳಲ್ಲಿ ಅಳೆಯಲಾಗುತ್ತದೆ. ಸರ್ಟಿಫಿಕೇಟ್ ಕೋರ್ಸುಗಳು ಈ ಹಂತಗಳಿಗಷ್ಟೇ ಸೀಮಿತ. ಪದವಿಯಲ್ಲಿ ಭಾಷೆಯ ಜೊತೆಗೆ ಸಾಹಿತ್ಯ, ಇತಿಹಾಸ ಮತ್ತು ಅನುವಾದ ಸೇರುತ್ತವೆ. ಮೊದಲ ವರ್ಷ ಬಹುಪಾಲು ವ್ಯಾಕರಣ, ಸಂಭಾಷಣೆಗಳಲ್ಲಿ ಕಳೆಯುತ್ತದೆ. ನಂತರ ಗಯಟೆ, ಷಿಲ್ಲರ್, ಕಾಫ್ಕಾ, ಬ್ರೆಖ್ಟ್ ಮೊದಲಾದವರ ಬರಹಗಳು, 1871ರ ಏಕೀಕರಣ, ನಾಜಿ ಆಡಳಿತ, 1949ರ ವಿಭಜನೆ, 1990ರ ಪುನರೇಕೀಕರಣಗಳ ಚರಿತ್ರೆ ಬರುತ್ತವೆ. ಕಾಳಿದಾಸನ ‘ಶಾಕುಂತಲ’ 1791ರಲ್ಲಿ ಜರ್ಮನ್‌ಗೆ ಅನುವಾದವಾಗಿ ಗಯಟೆಯ ಮೆಚ್ಚುಗೆ ಪಡೆದದ್ದೂ ಇದೇ ಚರಿತ್ರೆಯ ಭಾಗ.

ಕನ್ನಡಿಗರಿಗೆ ಎಷ್ಟು ಕಷ್ಟ?

ವಿಭಕ್ತಿಗಳನ್ನು ಬಲ್ಲ ಕನ್ನಡ ವಿದ್ಯಾರ್ಥಿಗೆ ಜರ್ಮನ್‌ನ ನಾಲ್ಕು ವಿಭಕ್ತಿಗಳು ಅಪರಿಚಿತವೆನಿಸುವುದಿಲ್ಲ. ಅಧೀನ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಸಮಾಸದಂತೆ ಪದಕ್ಕೆ ಪದ ಬೆಸೆಯುವ ರೂಢಿಯೂ ಇದೆ. ತೊಡಕಾಗುವುದು ಲಿಂಗ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸಿದರೆ, ಜರ್ಮನ್‌ನಲ್ಲಿ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ‘ಹುಡುಗಿ’ ಎಂಬರ್ಥದ ‘ಮೇಡ್ಶೆನ್’ ನಪುಂಸಕಲಿಂಗ! ಪ್ರತಿ ನಾಮಪದವನ್ನೂ ಅದರ ಲಿಂಗಸೂಚಕದೊಡನೆ ಬಾಯಿಪಾಠ ಮಾಡುವುದೊಂದೇ ಉಪಾಯ.

ಎಲ್ಲಿ ಕಲಿಯಬಹುದು?

ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ (ಜೆಎನ್‌ಯು) ಹಾಗೂ ದೆಹಲಿ ವಿಶ್ವವಿದ್ಯಾಲಯಗಳಲ್ಲಿ ಜರ್ಮನ್ ಪದವಿ ಇದೆ. ಜೆಎನ್‌ಯು 2022ರಿಂದ ಸ್ನಾತಕ ಪ್ರವೇಶಕ್ಕೆ ಸಿಯುಇಟಿ ಪರೀಕ್ಷೆಯನ್ನು ಆಧರಿಸಿದೆ. ಇಂತಹ ಪ್ರವೇಶ ಪರೀಕ್ಷೆಗಳಲ್ಲಿ ಇಂಗ್ಲಿಷ್ ಜ್ಞಾನಕ್ಕೆ ಹೆಚ್ಚಿನ ಮಹತ್ವವಿರುವುದರಿಂದ, ಕನ್ನಡ ಮಾಧ್ಯಮದವರು ಪ್ರಥಮ ಪಿಯುಸಿಯಿಂದಲೇ ಇಂಗ್ಲಿಷ್ ಓದನ್ನು ಬಲಪಡಿಸಿಕೊಳ್ಳುವುದು ಒಳಿತು.

ಈ ಸೀಮೆಗೆ ಬೆಂಗಳೂರಿಗಿಂತ ಪುಣೆ ಹತ್ತಿರ. ಕುಡಚಿ ನಿಲ್ದಾಣದಿಂದ ಮೀರಜ್ ಮಾರ್ಗವಾಗಿ ಅಲ್ಲಿಗೆ ರೈಲು ಸಂಪರ್ಕವಿದೆ. ಜಮಖಂಡಿ ಸಂಸ್ಥಾನದ ಪಟವರ್ಧನ ಅರಸರ ದೇಣಿಗೆಯಿಂದಾಗಿ ಪುಣೆಯ ಕಾಲೇಜೊಂದು ಇಂದಿಗೂ ಸರ್ ಪರಶುರಾಮಭಾವು ಅವರ ಹೆಸರನ್ನು ಹೊತ್ತಿದೆ. ಜರ್ಮನ್ ಬೋಧನೆಯಲ್ಲಿ ಪುಣೆಗೆ ದೀರ್ಘ ಪರಂಪರೆಯಿದ್ದು, ಫರ್ಗ್ಯುಸನ್ ಕಾಲೇಜು ಅದಕ್ಕೆ ಹೆಸರಾಗಿದೆ. ರಾಜ್ಯದೊಳಗೆ ಬೆಂಗಳೂರಿನ ಗಯಟೆ ಸಂಸ್ಥೆ, ಅಂದರೆ ಮ್ಯಾಕ್ಸ್ ಮುಲ್ಲರ್ ಭವನ, ಹಂತವಾರು ತರಗತಿ ಮತ್ತು ಪರೀಕ್ಷೆಗಳನ್ನು ನಡೆಸುತ್ತದೆ.

ಮುಂದೇನು?

ಬೋಧನೆ, ಅನುವಾದ, ಪ್ರವಾಸೋದ್ಯಮ ಹಾಗೂ ಜರ್ಮನ್ ಕಂಪನಿಗಳ ಭಾರತೀಯ ಕಚೇರಿಗಳು ಮುಖ್ಯ ಉದ್ಯೋಗ ಕ್ಷೇತ್ರಗಳು. ಬಾಷ್, ಎಸ್‌ಎಪಿ, ಮರ್ಸಿಡಿಸ್-ಬೆಂಜ್‌ಗಳು ಬೆಂಗಳೂರಿನಲ್ಲಿವೆ. ಕಾಲೇಜು ಅಧ್ಯಾಪಕರಾಗಲು ಸ್ನಾತಕೋತ್ತರ ಪದವಿ ಅಗತ್ಯ. ಯುಜಿಸಿ-ನೆಟ್ ಪರೀಕ್ಷೆಯ ವಿಷಯಗಳಲ್ಲಿ ಜರ್ಮನ್ ಕೂಡ ಒಂದು. ಆದರೆ ಯಂತ್ರಾನುವಾದ ಬೆಳೆದಿರುವ ಈ ದಿನಗಳಲ್ಲಿ ಬಿ1 ಮಟ್ಟದ ಜ್ಞಾನವೊಂದರಿಂದಲೇ ಅನುವಾದಕ ವೃತ್ತಿ ನಡೆಸುವುದು ಕಠಿಣ. ಸಿ1 ತಲುಪಿದವರಿಗೆ, ಜೊತೆಗೆ ವಾಣಿಜ್ಯ ಅಥವಾ ಕಂಪ್ಯೂಟರ್ ಜ್ಞಾನ ಇರುವವರಿಗೆ ಬೇಡಿಕೆ ಹೆಚ್ಚು.

ಜರ್ಮನಿಗೆ ಹೋಗುವುದೇ ಗುರಿಯಾದವರು ಎರಡು ಸಂಗತಿಗಳನ್ನು ಅರಿತಿರಬೇಕು. ದ್ವಿತೀಯ ಪಿಯುಸಿ ಮುಗಿದೊಡನೆ ಅಲ್ಲಿನ ಪದವಿಗೆ ನೇರ ಪ್ರವೇಶ ಸಾಮಾನ್ಯವಾಗಿ ದೊರೆಯದು. ಒಂದು ವರ್ಷದ ಪೂರ್ವಸಿದ್ಧತಾ ಕೋರ್ಸ್ ಅಥವಾ ಇಲ್ಲಿನ ಪದವಿಯ ವ್ಯಾಸಂಗ ಬೇಕಾಗುತ್ತದೆ. ಎರಡನೆಯದಾಗಿ, ನರ್ಸಿಂಗ್‌ನಂತಹ ವೃತ್ತಿಗಳಿಗೆ ಬೇಕಾದುದು ವೃತ್ತಿ ಅರ್ಹತೆ ಮತ್ತು ಬಿ1 ಅಥವಾ ಬಿ2 ಪ್ರಮಾಣಪತ್ರವೇ ಹೊರತು ಜರ್ಮನ್ ಪದವಿಯಲ್ಲ. ಅಂಥವರು ಮೂರು ವರ್ಷ ಸಾಹಿತ್ಯ ಓದುವ ಅಗತ್ಯವಿಲ್ಲ. ಭಾಷೆಯನ್ನೇ ಬದುಕಾಗಿಸಿಕೊಳ್ಳಲು ಬಯಸುವವರಿಗೆ ಮಾತ್ರ ಈ ಪದವಿ ಸೂಕ್ತ. ಮಗ ಅಥವಾ ಮಗಳನ್ನು ದೂರದೂರಿಗೆ ಕಳಿಸುವ ಮುನ್ನ ಪಾಲಕರು ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಂಡರೆ ಹಣವೂ ವರ್ಷಗಳೂ ಉಳಿಯುತ್ತವೆ.