ಎಪ್ಪತ್ತು ಚದರಡಿ

ನಾನು ಬೆಂಗಳೂರಿಗೆ ಬಂದಿದ್ದು 2011ರಲ್ಲಿ, ಒಂದು ಟ್ರಂಕು, ಒಂದು ಬ್ಯಾಗು, ಅವ್ವ ಕಟ್ಟಿಕೊಟ್ಟ ರೊಟ್ಟಿ ಗಂಟಿನ ಜೊತೆ. ನಮ್ಮೂರು ಹಿರೇಕೆರೂರು ತಾಲ್ಲೂಕಿನಲ್ಲಿದೆ. ಸರ್ವಜ್ಞ ನಮ್ಮ ಕಡೆಯವನು ಅಂತ ಮಾಸೂರು, ಅಬಲೂರಿನ ಜನ ಈಗಲೂ ಎದೆಯುಬ್ಬಿಸಿ ಹೇಳುತ್ತಾರೆ. ಹಾಗೆ ಸರ್ವಜ್ಞನ ಸೀಮೆಯಿಂದ ಹೊರಟವನು ನೇರ ಸರ್ವಜ್ಞನಗರಕ್ಕೇ ಬಂದು ಬಿದ್ದೆ. 2008ರ ಚುನಾವಣೆಯ ಹೊತ್ತಿಗೆ ಹುಟ್ಟಿದ ಕ್ಷೇತ್ರ ಅದು. ಕಮ್ಮನಹಳ್ಳಿಯಲ್ಲಿ ಆ ಹೆಸರು ಹೇಳಿದರೆ ಆಟೋದವರೂ ತಲೆ ಕೆರೆದುಕೊಳ್ಳುತ್ತಿದ್ದರು, ಅದು ಬೇರೆ ಮಾತು.

ಪಿ.ಜಿ. ಕಮ್ಮನಹಳ್ಳಿ ಮೇನ್ ರೋಡಿನ ಹಿಂದಿನ ಓಣಿಯಲ್ಲಿತ್ತು. ತ್ರೀ ಶೇರಿಂಗ್, ತಿಂಗಳಿಗೆ ನಾಲ್ಕೂವರೆ ಸಾವಿರ, ಊಟ ಸೇರಿ. ಅಪ್ಪ ನೋಡೋಕೆ ಬಂದಿದ್ದರು. ಮೂರು ಕಬ್ಬಿಣದ ಮಂಚ, ಮಂಚಗಳ ನಡುವೆ ಒಬ್ಬ ಅಡ್ಡವಾಗಿ ನಡೆದು ಹೋಗುವಷ್ಟು ಜಾಗ. ಅಪ್ಪ ಬಾಗಿಲಲ್ಲೇ ನಿಂತು ಕೇಳಿದರು, "ಏನಪಾ, ಇದು ಮನಿ ಬಾಡಿಗೀನೋ, ಮಂಚದ ಬಾಡಿಗೀನೋ?"

ನಕ್ಕು ಸುಮ್ಮನಾಗಿದ್ದೆ. ಆದರೆ ನಮ್ಮ ಊರಿನ ಪಾಲಿಕೆ, ಕೋರ್ಟು, ತೆರಿಗೆ ಇಲಾಖೆ ಎಲ್ಲ ಸೇರಿ ಇಷ್ಟು ವರ್ಷದಿಂದ ಉತ್ತರ ಹುಡುಕುತ್ತಿರುವುದು ಇದೇ ಪ್ರಶ್ನೆಗೆ ಅಂತ ಗೊತ್ತಾಗಿದ್ದು ತುಂಬಾ ತಡವಾಗಿ.

ಬೆಂಗಳೂರಿಗೆ ಬಂದವರು ಜಾಗ ಹಂಚಿಕೊಂಡು ಬದುಕುವುದು ಐಟಿ ಕಂಪನಿಗಳಿಂದ ಶುರುವಾದದ್ದಲ್ಲ. 1903ರಲ್ಲಿ ರೈಲ್ವೆ ಸ್ಟೇಷನ್ ಎದುರು ಗುಬ್ಬಿ ತೋಟದಪ್ಪನವರ ಛತ್ರ ತೆರೆಯಿತು. ಪೇಟೆಗೆ ಬಂದ ಹಳ್ಳಿಯವರಿಗೆ, ಓದಲು ಬಂದ ಹುಡುಗರಿಗೆ ಇಳಿದುಕೊಳ್ಳಲು ತಾವು. ಆಮೇಲೆ ಒಂದೊಂದು ಸಮುದಾಯದ ಸಂಘಗಳೂ ತಮ್ಮ ತಮ್ಮ ಹುಡುಗರಿಗೆ ಹಾಸ್ಟೆಲ್ ಕಟ್ಟಿಸಿದವು. ಸಂಘ ಇಲ್ಲದವರು, ಇದ್ದರೂ ಸೀಟು ಸಿಗದವರು ವಠಾರಕ್ಕೆ ಹೋದರು. ಸಾಲು ಮನೆ, ಒಂದು ನಲ್ಲಿ, ಹಿಂದೆ ಎರಡು ಕಕ್ಕಸು. ಆ ನಲ್ಲಿಯ ಜಗಳಗಳ ಬಗ್ಗೆ ನಿಮ್ಮ ಅಜ್ಜಿಯರನ್ನು ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾರೆ.

ಇವರೆಲ್ಲ ಎಷ್ಟು ಇಕ್ಕಟ್ಟಾಗಿ ಬದುಕುತ್ತಾರೆ ಅಂತ ಸರ್ಕಾರ ಮೊದಲ ಬಾರಿ ಗಂಭೀರವಾಗಿ ನೋಡಿದ್ದು ಇಲಿ ಸತ್ತಾಗ.

1898ರ ಆಗಸ್ಟ್‌ನಲ್ಲಿ ಪ್ಲೇಗ್ ಬೆಂಗಳೂರಿಗೆ ಕಾಲಿಟ್ಟಿತು. ಆಗ ಊರು ಎರಡು. ಮೈಸೂರು ಮಹಾರಾಜರ ಪೇಟೆ ಒಂದು ಕಡೆ, ಬ್ರಿಟಿಷರ ದಂಡು ಇನ್ನೊಂದು ಕಡೆ. 1862ರಿಂದಲೇ ಎರಡಕ್ಕೂ ಬೇರೆ ಬೇರೆ ಮುನಿಸಿಪಲ್ ಬೋರ್ಡು. ಈಗಿನ ಶಿವಾಜಿನಗರ ಆಗ ಬ್ಲ್ಯಾಕ್‌ಪಲ್ಲಿ. ದಂಡಿಗೆ ಹಾಲು, ಮಾಂಸ, ಬಟ್ಟೆ, ಕೂಲಿ ಎಲ್ಲ ಒದಗಿಸುತ್ತಿದ್ದ ಜನ ಅಲ್ಲಿ ಒಬ್ಬರ ಮೇಲೊಬ್ಬರು ಬಿದ್ದಂತೆ ಬದುಕುತ್ತಿದ್ದರು. ಪ್ಲೇಗ್ ಬಂದಾಗ ಮನೆ ಮನೆ ತಪಾಸಣೆ, ಜನರನ್ನು ಊರಾಚೆ ಶೆಡ್ಡಿಗೆ ಸಾಗಿಸುವುದು, ಗೋಡೆ ಒಡೆಯುವುದು ಎಲ್ಲ ನಡೆಯಿತು. ಆಮೇಲೆ ಬಂದಿದ್ದು ಪ್ಲಾನಿಂಗ್.

ಪೇಟೆ ಕಡೆ ಬಸವನಗುಡಿ, ಮಲ್ಲೇಶ್ವರ ತುಂಬಿಕೊಂಡವು. ದಂಡಿನ ಕಡೆ 1906ರಲ್ಲಿ ಅಡಿಗಲ್ಲು ಬಿದ್ದಿದ್ದು ಫ್ರೇಜರ್ ಟೌನ್‌ಗೆ. ಜೆ.ಎಚ್. ಸ್ಟೀಫನ್ಸ್ ಅಂತ ಮುನಿಸಿಪಲ್ ಎಂಜಿನಿಯರ್ ಇದ್ದರು. ಆತ 1914ರಲ್ಲಿ ಬೆಂಗಳೂರಿನ 'ಪ್ಲೇಗ್ ನಿರೋಧಕ ನಗರ ಯೋಜನೆ'ಯ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಇಲಿ ಬಿಲ ತೋಡಲಾಗದ ನೆಲ, ಮನೆ ಮನೆಗೆ ನಡುವೆ ಅಂತರ, ಒಳಗೆ ಗಾಳಿ, ಬೆಳಕು. ನಾನೂ ಎಂಜಿನಿಯರೇ ಅಲ್ವಾ, ಈ ಮನುಷ್ಯನ ಮೇಲೆ ನನಗೆ ಒಂಥರಾ ಪ್ರೀತಿ. ಸಮಸ್ಯೆಯನ್ನು ಸಣ್ಣ ಸಣ್ಣ ಭಾಗ ಮಾಡಿ, ಪ್ರತಿ ಭಾಗಕ್ಕೂ ಒಂದು ಅಳತೆ ಕೊಟ್ಟು ಬಗೆಹರಿಸುವ ಕ್ರಮ. ಫ್ರೇಜರ್ ಟೌನಿನಲ್ಲಿ ಸ್ಟೀಫನ್ಸ್ ರೋಡ್ ಈಗಲೂ ಇದೆ. ಅಲ್ಲಿಂದ ಹೊರಟು ಲಿಂಗರಾಜಪುರದ ಫ್ಲೈಓವರ್ ಹತ್ತಿ ಇಳಿದರೆ ನಮ್ಮ ಏರಿಯಾ.

ಆದರೆ ಬೇರೆ ಬೇರೆಯಾಗಿ ನಿಂತ, ಕಾಂಪೌಂಡಿನ ಒಳಗಿನ ಆ ಹೊಸ ಮನೆಗಳಿಗೆ ಬಾಡಿಗೆ ಕೊಡುವ ಶಕ್ತಿ ಯಾರಿಗಿತ್ತು? ಇಕ್ಕಟ್ಟಾದ ಮನೆ ಕೆಡವುವುದು ಸುಲಭ, ಅಲ್ಲಿದ್ದವರು ಎಲ್ಲಿಗೆ ಹೋಗಬೇಕು ಅನ್ನುವುದೇ ಕಷ್ಟದ ಪ್ರಶ್ನೆ. ಲಂಡನ್‌ನಲ್ಲೂ ಕಥೆ ಹೀಗೇ ಶುರುವಾಗಿತ್ತು. ಅಲ್ಲಿ 1851ರಲ್ಲೇ ಹಾಸಿಗೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಮನೆಗಳಿಗೆ ಕಾನೂನು ಬಂತು. ರಿಜಿಸ್ಟರ್ ಆಗಬೇಕು, ಸ್ಥಳೀಯ ಅಧಿಕಾರಿ ಬಂದು ನೋಡಬೇಕು. ನೂರೈವತ್ತು ವರ್ಷ ಕಳೆದು, 2010ರಲ್ಲಿ ಇಂಗ್ಲೆಂಡಿನವರು ಪ್ಲಾನಿಂಗ್ ನಿಯಮದಲ್ಲೇ ಇದಕ್ಕೆ ಪ್ರತ್ಯೇಕ ವರ್ಗ ಮಾಡಿದರು. ಸಂಬಂಧಿಕರಲ್ಲದ ಮೂರರಿಂದ ಆರು ಜನ ಅಡುಗೆಮನೆಯನ್ನೋ ಬಚ್ಚಲನ್ನೋ ಹಂಚಿಕೊಂಡು ಇದ್ದರೆ ಅದು ಬೇರೆ ಬಗೆಯ ಬಳಕೆ. ಯಾವ ಬೀದಿಯಲ್ಲಿ ಅಂಥ ಮನೆ ಜಾಸ್ತಿಯಾಯಿತೋ ಅಲ್ಲಿ ಹೊಸದಕ್ಕೆ ಅನುಮತಿ ಕೇಳಲೇಬೇಕು ಅಂತ ಕೌನ್ಸಿಲ್ ಹೇಳಬಹುದು. ಅದರಿಂದ ಅಲ್ಲಿ ಬಾಡಿಗೆಯವರು ಸುಖವಾಗಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಇಂಥ ಮನೆಯೂ ಒಂದು ಮನೆ ಅಂತ ಕಾಗದದ ಮೇಲಾದರೂ ಒಪ್ಪಿಕೊಂಡರು, ಅಷ್ಟೇ.

ನಮ್ಮ ಕಾಗದದಲ್ಲಿ ಇರುವುದು ಫ್ಯಾಮಿಲಿ ಮಾತ್ರ. ದಂಡು 1947ರ ಜುಲೈನಲ್ಲಿ ಮೈಸೂರಿಗೆ ಮರಳಿತು. 1945ರಲ್ಲಿ ಹುಟ್ಟಿದ್ದ ಸಿ.ಐ.ಟಿ.ಬಿ., 1976ರಲ್ಲಿ ಅದರ ಜಾಗಕ್ಕೆ ಬಂದ ಬಿ.ಡಿ.ಎ., ಇವೆರಡೂ ಊರನ್ನು ಸೈಟುಗಳಾಗಿ ಕತ್ತರಿಸಿದವು. ಬಾಣಸವಾಡಿ, ಹೆಣ್ಣೂರು ಕಡೆಯ ಹೊಲಗದ್ದೆ ಎಚ್.ಆರ್.ಬಿ.ಆರ್., ಎಚ್.ಬಿ.ಆರ್., ಓ.ಎಂ.ಬಿ.ಆರ್. ಆದವು. ಎಲ್ಲ ರಸ್ತೆಗಳ ಮೊದಲಕ್ಷರ, ಅರ್ಥ ಗೊತ್ತಿಲ್ಲದೆ ಅಲ್ಲೇ ಹತ್ತು ವರ್ಷ ಬದುಕಿದವರು ನನಗೆ ಗೊತ್ತು. ಮೂವತ್ತು ನಲವತ್ತರ ಸೈಟು, ಒಂದು ಸಂಸಾರ, ಮೇಲೊಂದು ಬಾಡಿಗೆ ಸಂಸಾರ. ಚರಂಡಿ ಪೈಪು, ನೀರಿನ ಲೈನು, ರಸ್ತೆಯ ಅಗಲ ಎಲ್ಲ ಆ ಲೆಕ್ಕಕ್ಕೆ. ಲೇಔಟುಗಳ ನಡುವೆ ಉಳಿದುಕೊಂಡ ಹಳೇ ಹಳ್ಳಿಗಳಲ್ಲಿ, ರೆವಿನ್ಯೂ ಸೈಟುಗಳಲ್ಲಿ ಆ ಲೆಕ್ಕವೂ ಇಲ್ಲ. ಹುಡುಗರು ಮೊದಲು ಬಂದು ತುಂಬಿಕೊಂಡಿದ್ದು ಅಲ್ಲೇ, ಯಾಕಂದರೆ ಅಗ್ಗ. ನಾಗವಾರದಲ್ಲಿ ಮಾನ್ಯತಾ ಟೆಕ್ ಪಾರ್ಕ್ ಎದ್ದು ನಿಂತ ಮೇಲಂತೂ ಕೇಳಲೇಬೇಡಿ.

ಬಾಡಿಗೆ ಕಾನೂನು ಇರಲಿಲ್ಲವೇ? ಇತ್ತು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ ಮನೆ ಖಾಲಿಯಾದರೆ ಮಾಲೀಕ ರೆಂಟ್ ಕಂಟ್ರೋಲರ್‌ಗೆ ತಿಳಿಸಬೇಕಿತ್ತು. ಅದರ ಬದಲಿಗೆ 1999ರ ಕಾಯ್ದೆ ಬಂತು. ಆದರೆ ಎರಡರ ಕಣ್ಣೂ ಇದ್ದಿದ್ದು ಮನೆಯ ಮೇಲೆ, ಅಂಗಡಿಯ ಮೇಲೆ. ಮಂಚಕ್ಕೆ ಕರಾರು ಪತ್ರ ಎಲ್ಲಿ? ನನಗೆ ಕೊಟ್ಟಿದ್ದು ಅಡ್ವಾನ್ಸ್ ಬರೆದ ಒಂದು ಗುಲಾಬಿ ಚೀಟಿ. ಬಿಡುವಾಗ ಆ ಅಡ್ವಾನ್ಸಿನಲ್ಲಿ ಒಂದು ತಿಂಗಳದ್ದು 'ಮೇಂಟೆನೆನ್ಸ್' ಅಂತ ಹಿಡಿದುಕೊಂಡರು. ಬಣ್ಣ ಹೊಡೆಸಿದ್ದನ್ನು ನಾನಂತೂ ನೋಡಲಿಲ್ಲ.

ಪಾಲಿಕೆ ಪಿ.ಜಿ.ಗಳಿಗೆ ವಿವರವಾಗಿ ನಿಯಮ ಮಾಡಿದ್ದು 2024ರ ಆಗಸ್ಟ್‌ನಲ್ಲಿ. ಅದಕ್ಕೂ ಮುಂಚೆ ಟ್ರೇಡ್ ಲೈಸೆನ್ಸ್ ಅಂತ ಒಂದಿತ್ತು, ಹೋಟೆಲ್ಲಿಗೆ, ಹಿಟ್ಟಿನ ಗಿರಣಿಗೆ ಕೊಡುವ ಹಾಗೆ. ಆ ಜುಲೈನಲ್ಲಿ ಕೋರಮಂಗಲದ ಪಿ.ಜಿ.ಯೊಂದರಲ್ಲಿ ಒಬ್ಬ ಯುವತಿಯ ಕೊಲೆಯಾಯಿತು. ಸಿಸಿಟಿವಿ ದೃಶ್ಯ ಎಲ್ಲರ ಫೋನಿನಲ್ಲೂ ಓಡಾಡಿತು. ಅಂದು ಪ್ಲೇಗ್, ಇಂದು ಕೊಲೆ. ಕೆಲವೇ ವಾರಗಳಲ್ಲಿ ಬಿಬಿಎಂಪಿ ಮಾರ್ಗಸೂಚಿ ಬಂತು. ಪ್ರವೇಶದ್ವಾರದಲ್ಲಿ ಕ್ಯಾಮೆರಾ, ಅದರ ರೆಕಾರ್ಡಿಂಗ್ 90 ದಿನ ಇಟ್ಟುಕೊಳ್ಳಬೇಕು. ಇಡೀ ದಿನ ಒಬ್ಬ ಸೆಕ್ಯುರಿಟಿ. ಅಡುಗೆ ಮಾಡಿದರೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್. ಅಗ್ನಿ ಸುರಕ್ಷತೆ. 1533 ಸಹಾಯವಾಣಿಯ ನಂಬರ್ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ತಲೆಗೆ ದಿನಕ್ಕೆ 135 ಲೀಟರ್ ನೀರು. ಮತ್ತೆ, ಒಬ್ಬೊಬ್ಬರಿಗೆ ಕನಿಷ್ಠ 70 ಚದರಡಿ ಜಾಗ.

ಎಪ್ಪತ್ತು ಚದರಡಿ ಅಂತ ಓದಿದ ದಿನವೇ ಲೆಕ್ಕ ಹಾಕಿದೆ. ನನ್ನ ಹಳೇ ರೂಮು ಹತ್ತು ಹನ್ನೊಂದು, ಅಂದರೆ 110 ಚದರಡಿ. ಮೂವರಿಗೆ ಹಂಚಿದರೆ ತಲೆಗೆ ಮೂವತ್ತೇಳೂ ಇಲ್ಲ. ನಿಯಮದ ಪ್ರಕಾರ ಅಲ್ಲಿ ಒಬ್ಬನೇ ಇರಬೇಕು. ಆ ಒಬ್ಬ ಮೂರು ಮಂಚದ ದುಡ್ಡು, ಹದಿಮೂರೂವರೆ ಸಾವಿರ, ಕೊಡಬೇಕು. 2011ರಲ್ಲಿ ನನ್ನ ಸಂಬಳ ಕೈಗೆ ಬರುತ್ತಿದ್ದದ್ದು ಹದಿನಾರು ಸಾವಿರ.

ಇಡೀ ಕಟ್ಟಡದ್ದೂ ನೋಡಿ. ಮೂವತ್ತು ನಲವತ್ತರ ಸೈಟು ಅಂದರೆ 1200 ಚದರಡಿ. 2007ರ ಮಾಸ್ಟರ್ ಪ್ಲಾನ್ ಪ್ರಕಾರ ಚಿಕ್ಕ ರಸ್ತೆಯಲ್ಲಿ ಅದರ 1.75 ಪಟ್ಟು, ಅಂದರೆ 2100 ಚದರಡಿ ಕಟ್ಟಬಹುದು. ಮೆಟ್ಟಿಲು, ಗೋಡೆ, ಅಡುಗೆಮನೆ ಏನೂ ಬೇಡ ಅಂದುಕೊಂಡರೂ ಮೂವತ್ತೇ ಜನ. ಆ ಮೂವತ್ತು ಜನಕ್ಕೆ ದಿನಕ್ಕೆ 4050 ಲೀಟರ್ ನೀರು. ಐದು ಜನರ ಸಂಸಾರಕ್ಕೆ 675 ಲೀಟರ್ ಸಾಕು. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಜಿಲ್ಲಾಡಳಿತ 12,000 ಲೀಟರ್ ಟ್ಯಾಂಕರ್‌ಗೆ ಐದು ಕಿಲೋಮೀಟರ್ ಒಳಗಾದರೆ ಸಾವಿರ ರೂಪಾಯಿ ಅಂತ ದರ ಕಟ್ಟಿತ್ತು. ಅಷ್ಟು ನೀರು ಆ ಕಟ್ಟಡಕ್ಕೆ ಮೂರು ದಿನವೂ ಬರಲ್ಲ. ಪಕ್ಕದ ಮನೆಯವರು ಪಿ.ಜಿ. ಮೇಲೆ ಸಿಡಿಮಿಡಿಗುಟ್ಟುವುದರಲ್ಲಿ ನ್ಯಾಯವೂ ಇದೆ. ಚರಂಡಿ ಉಕ್ಕುವುದು ಅವರ ಗೇಟಿನ ಮುಂದೆ.

ಎಪ್ಪತ್ತು ಚದರಡಿ ತಪ್ಪು ಅಂತಲ್ಲ. ಮನುಷ್ಯನಿಗೆ ಅಷ್ಟಾದರೂ ಬೇಕು. ನನ್ನ ತಕರಾರು ಬೇರೆ. ನಾನು ಓದಿದ ಆ ಪಟ್ಟಿಯಲ್ಲಿ ಎಲ್ಲವೂ ಮಾಲೀಕ ಮಾಡಬೇಕಾದ್ದು, ತಪ್ಪಿದರೆ ಬೀಳುವುದು ಬೀಗ. ಬೀಗ ಬಿದ್ದ ರಾತ್ರಿ ಒಳಗಿದ್ದವರು ಎಲ್ಲಿಗೆ ಹೋಗಬೇಕು, ಅವರ ಅಡ್ವಾನ್ಸು ಯಾರು ಕೊಡಬೇಕು ಅಂತ ಒಂದು ಸಾಲೂ ಇಲ್ಲ. ಕೇಳೋಣ ಅಂದರೆ ಯಾರನ್ನು? ಬಿಬಿಎಂಪಿ ಕೊನೆಯ ಕೌನ್ಸಿಲ್ಲಿನ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಪಿ.ಜಿ. ನಿಯಮ ಬಂದಾಗ ವಾರ್ಡಿಗೆ ಕಾರ್ಪೊರೇಟರೇ ಇರಲಿಲ್ಲ. ಇದ್ದಿದ್ದರೂ ಪಿ.ಜಿ. ಹುಡುಗರ ಓಟು ಊರಲ್ಲಿ. ನನ್ನದು ಎಷ್ಟೋ ವರ್ಷ ಹಿರೇಕೆರೂರಲ್ಲೇ ಇತ್ತು. 2025ರಲ್ಲಿ ಬಿಬಿಎಂಪಿಯೇ ಹೋಗಿ ಐದು ನಗರ ಪಾಲಿಕೆಗಳಾದವು.

ತೆರಿಗೆಯವರು ಅಪ್ಪನ ಪ್ರಶ್ನೆಯನ್ನು ನೇರವಾಗಿಯೇ ಎತ್ತಿಕೊಂಡರು. ಬೆಂಗಳೂರಿನ ಒಂದು ಕಟ್ಟಡದ ಪ್ರಕರಣದಲ್ಲಿ, ವಿದ್ಯಾರ್ಥಿಗಳೂ ಕೆಲಸಕ್ಕೆ ಹೋಗುವವರೂ ತಿಂಗಳುಗಟ್ಟಲೆ ಇರುವ ಹಾಸ್ಟೆಲ್ ವಾಸದ ಮನೆಯೇ, ಜಿಎಸ್‌ಟಿ ಇಲ್ಲ ಅಂತ 2022ರ ಫೆಬ್ರವರಿಯಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. 2023ರ ಜುಲೈನಲ್ಲಿ ಇದೇ ಊರಿನಲ್ಲಿ ಕೂತ ಜಿಎಸ್‌ಟಿ ಮುಂಗಡ ನಿರ್ಣಯ ಪ್ರಾಧಿಕಾರ ಇನ್ನೊಂದು ಪ್ರಕರಣದಲ್ಲಿ, ಪಿ.ಜಿ. ಮನೆಯಲ್ಲ, ಶೇಕಡ 12 ಕಟ್ಟಿ ಅಂದಿತು. ಅಪರಿಚಿತರು ಒಂದೇ ಕೋಣೆಯಲ್ಲಿ ಮಲಗಿದರೆ ಅದು ಮನೆ ಹೇಗಾಗುತ್ತೆ ಅನ್ನುವ ಧಾಟಿ. 2024ರ ಜೂನ್‌ನಲ್ಲಿ ಜಿಎಸ್‌ಟಿ ಕೌನ್ಸಿಲ್ ನಡುದಾರಿ ಹಿಡಿಯಿತು: ತಲೆಗೆ ತಿಂಗಳಿಗೆ ಇಪ್ಪತ್ತು ಸಾವಿರದೊಳಗೆ, ಕನಿಷ್ಠ 90 ದಿನ ಬಿಡದೆ ಇದ್ದರೆ ವಿನಾಯಿತಿ. ಅಂದರೆ ತೊಂಬತ್ತು ದಿನ ಒಂದೇ ಕಡೆ ಮಲಗಿದರೆ ಮಂಚ ಮನೆಯಾಗುತ್ತೆ.

ಮಾರ್ಗಸೂಚಿ ಬಂದ ಕೆಲವು ವಾರಕ್ಕೆ, ಒಂದು ರಾತ್ರಿ ಎಂಟೂವರೆಗೆ ಚಿಕ್ಕಪ್ಪನ ಮಗಳ ಫೋನು. ಅವಳು ಆಗಷ್ಟೇ ಕೆಲಸಕ್ಕೆ ಸೇರಿ ನಮ್ಮ ಏರಿಯಾದಲ್ಲೇ ಒಂದು ಪಿ.ಜಿ.ಯಲ್ಲಿದ್ದಳು. "ಅಣ್ಣಾ, ನಾಳಿ ಸಂಜಿ ಒಳಗ ಖಾಲಿ ಮಾಡ್ರಿ ಅನ್ನಾಕತ್ತಾರ. ಏನೋ ನೋಟಿಸ್ ಬಂದೈತಂತ. ಅಡ್ವಾನ್ಸ್ ಆಮ್ಯಾಲ ನೋಡೂಣು ಅಂತಾರ." ಅಲ್ಲಿ ಕ್ಯಾಮೆರಾ ಇತ್ತು, 1533 ಅಂತ ಬೋರ್ಡೂ ಬಿದ್ದಿತ್ತು.

ಅವಳು, ಜೊತೆಗೆ ಇಬ್ಬರು ಗೆಳತಿಯರು. ನಮ್ಮ ಮನೆ ಓನರ್ ಆಂಟಿಯ ಗ್ರೌಂಡ್ ಫ್ಲೋರ್ ಎರಡು ತಿಂಗಳಿಂದ ಖಾಲಿ ಇತ್ತು. ಒಳ್ಳೆಯವರು, ಹಬ್ಬಕ್ಕೆ ಒಬ್ಬಟ್ಟು ಕೊಟ್ಟು ಕಳಿಸುತ್ತಾರೆ. ಕೆಳಗೆ ಇಳಿದು ಹೋಗಿ ಕೇಳಿದೆ. ಮೂರು ಜನ ಹೆಣ್ಣುಮಕ್ಕಳು ಆಂಟಿ, ಮೂವರೂ ಕೆಲಸದಲ್ಲಿದ್ದಾರೆ, ನಾನು ಜವಾಬ್ದಾರಿ ಅಂದೆ.

"ನೋಡಪ್ಪಾ, ನಿನ್ ತಂಗಿ ಒಬ್ಳೇ ಆದ್ರೆ ನಿಮ್ಮನೇಲೇ ಇಟ್ಕೋ, ನಾನ್ಯಾಕೆ ಬೇಡ ಅನ್ಲಿ? ಕೆಳಗಡೆ ಫ್ಯಾಮಿಲಿಗಾದ್ರೆ ಕೊಡ್ತೀನಿ. ಹೀಗೇ ಶುರುವಾಗಿ ಅಮೇಲೆ ಪಿ.ಜಿ. ಅಂತಾರೆ, ಪಾಲಿಕೆಯವ್ರು ಬರ್ತಾರೆ, ಯಾರಿಗ್ ಬೇಕು?"

ಮಾರನೇ ದಿನ ರಜೆ ಹಾಕಿ ಮೂವರನ್ನೂ ಕರೆದುಕೊಂಡು ಅಲೆದೆ. ಕಲ್ಯಾಣನಗರದಲ್ಲಿ ಟೂ ಶೇರಿಂಗ್ ಸಿಕ್ಕಿತು, ದರ ಕೇಳಿ ಮೂವರೂ ಮುಖ ಮುಖ ನೋಡಿಕೊಂಡರು. ಕೊನೆಗೆ ಬಾಣಸವಾಡಿಯ ಒಂದು ಗಲ್ಲಿಯಲ್ಲಿ, ಮೂರನೇ ಮಹಡಿ, ಮೂರು ಮಂಚದ ರೂಮು. ಮ್ಯಾನೇಜರ್ ಕೆಳಗೆ ಚೀಟಿ ಬರೆಯುತ್ತಿದ್ದಾಗ ನಾನು ಹೆಜ್ಜೆಯಲ್ಲೇ ಅಳೆದೆ. ಒಂಬತ್ತು ಅಡಿ, ಹನ್ನೆರಡು ಅಡಿ. ತಂಗಿ ಆಗಲೇ ಕಿಟಕಿ ಪಕ್ಕದ ಮಂಚದ ಮೇಲೆ ಬ್ಯಾಗು ಇಟ್ಟಾಗಿತ್ತು. "ಬಿಡಣ್ಣಾ, ಗಾಳಿ ಚಲೋ ಬರ್ತೈತಿ" ಅಂದಳು.