ಜಾರ್ಜ್ ಬೀಡಲ್ ಮತ್ತು ಬ್ರೆಡ್ಡಿನ ಬೂಷ್ಟು

ಬ್ರೆಡ್ಡಿನ ಮೇಲೆ ಬೆಳೆಯುವ ಕಿತ್ತಳೆ ಬಣ್ಣದ ಬೂಷ್ಟನ್ನು ಪ್ರಯೋಗಶಾಲೆಗೆ ತಂದು, ವಂಶವಾಹಿಯು ಜೀವಕೋಶದಲ್ಲಿ ಮಾಡುವ ಕೆಲಸವೇನೆಂಬುದನ್ನು ತೋರಿಸಿಕೊಟ್ಟ ಅಮೆರಿಕದ ವಿಜ್ಞಾನಿ ಜಾರ್ಜ್ ವೆಲ್ಸ್ ಬೀಡಲ್ (1903-1989). ಆಣ್ವಿಕ ಜೀವವಿಜ್ಞಾನಕ್ಕೆ ಅಡಿಪಾಯ ಹಾಕಿದವರಲ್ಲಿ ಇವರೂ ಒಬ್ಬರು.

ಬಾಲ್ಯ ಮತ್ತು ಶಿಕ್ಷಣ

ಬೀಡಲ್ ಅವರು 1903ರ ಅಕ್ಟೋಬರ್ 22ರಂದು ನೆಬ್ರಾಸ್ಕ ರಾಜ್ಯದ ವಾಹೂ ಎಂಬ ಊರಿನ ಕೃಷಿಕ ಕುಟುಂಬದಲ್ಲಿ ಜನಿಸಿದರು. ಮಗ ಬೇಸಾಯವನ್ನೇ ಮುಂದುವರಿಸಲಿ ಎಂಬುದು ತಂದೆಯ ಇಚ್ಛೆಯಾಗಿತ್ತು. ಆದರೆ ಶಾಲೆಯ ವಿಜ್ಞಾನ ಶಿಕ್ಷಕಿಯ ಪ್ರೋತ್ಸಾಹದಿಂದ ಅವರು ಲಿಂಕನ್ ನಗರದ ಕೃಷಿ ಕಾಲೇಜನ್ನು ಸೇರಿದರು. ಬಳಿಕ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಆರ್.ಎ. ಎಮರ್ಸನ್ ಅವರ ಮಾರ್ಗದರ್ಶನದಲ್ಲಿ ಮುಸುಕಿನ ಜೋಳದ ತಳಿವಿಜ್ಞಾನವನ್ನು ಕುರಿತು ಸಂಶೋಧನೆ ನಡೆಸಿ 1931ರಲ್ಲಿ ಪಿಎಚ್.ಡಿ. ಪದವಿ ಪಡೆದರು.

ಹಣ್ಣುನೊಣದಿಂದ ಬೂಷ್ಟಿಗೆ

ವಂಶವಾಹಿಗಳು ತಲೆಮಾರಿನಿಂದ ತಲೆಮಾರಿಗೆ ಸಾಗುವ ರೀತಿ ಆಗ ತಿಳಿದಿತ್ತಾದರೂ, ಅವು ದೇಹದಲ್ಲಿ ಏನು ಮಾಡುತ್ತವೆಂಬುದು ತಿಳಿದಿರಲಿಲ್ಲ. 1935ರಲ್ಲಿ ಬೀಡಲ್ ಪ್ಯಾರಿಸ್ಸಿಗೆ ತೆರಳಿ, ಬೋರಿಸ್ ಎಫ್ರುಸಿ ಅವರೊಡನೆ ಹಣ್ಣುನೊಣದ ಮರಿಹುಳುಗಳಲ್ಲಿ ಕಣ್ಣಿನ ಅಂಗಾಂಶವನ್ನು ಒಂದರಿಂದ ಇನ್ನೊಂದಕ್ಕೆ ಕಸಿ ಮಾಡುವ ಸೂಕ್ಷ್ಮ ಪ್ರಯೋಗಗಳನ್ನು ನಡೆಸಿದರು. ಕಣ್ಣಿನ ಬಣ್ಣವು ಹಂತಹಂತವಾಗಿ ತಯಾರಾಗುತ್ತದೆ, ಬೇರೆ ಬೇರೆ ಹಂತಗಳನ್ನು ಬೇರೆ ಬೇರೆ ವಂಶವಾಹಿಗಳು ನಿಯಂತ್ರಿಸುತ್ತವೆ ಎಂದು ಅವುಗಳಿಂದ ತಿಳಿದುಬಂದಿತು.

1937ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಬಂದ ಬೀಡಲ್, ಜೀವರಸಾಯನಜ್ಞ ಎಡ್ವರ್ಡ್ ಟೇಟಮ್ ಅವರೊಡಗೂಡಿ ಆ ಹಂತಗಳ ರಾಸಾಯನಿಕಗಳನ್ನು ಗುರುತಿಸಲು ವರ್ಷಗಟ್ಟಲೆ ಶ್ರಮಿಸಿದರು. 1940ರಲ್ಲಿ ಜರ್ಮನಿಯ ಬ್ಯೂಟೆನಾಂಟ್ ತಂಡವು ಅವುಗಳಲ್ಲೊಂದನ್ನು ಇವರಿಗಿಂತ ಮೊದಲೇ ಗುರುತಿಸಿತು. ಒಂದೊಂದು ವಸ್ತುವಿಗೂ ಇಷ್ಟು ಕಾಲ ಹಿಡಿದರೆ ಮುಂದಿನ ದಾರಿ ಹೇಗೆ ಎಂಬ ಪ್ರಶ್ನೆ ಎದುರಾಯಿತು.

ಟೇಟಮ್ ಅವರ ಉಪನ್ಯಾಸವೊಂದನ್ನು ಕೇಳುತ್ತಿದ್ದಾಗ ಬೀಡಲ್ ಅವರಿಗೆ ಉತ್ತರ ಹೊಳೆಯಿತು. ವಂಶವಾಹಿಯಿಂದ ಆರಂಭಿಸಿ ಅದರ ರಾಸಾಯನಿಕ ಕ್ರಿಯೆಯನ್ನು ಹುಡುಕುವ ಬದಲು, ಗೊತ್ತಿರುವ ರಾಸಾಯನಿಕ ಕ್ರಿಯೆಯಿಂದ ಆರಂಭಿಸಿ ಅದರ ವಂಶವಾಹಿಯನ್ನು ಹುಡುಕಬಾರದೇಕೆ? ಇದಕ್ಕೆ ತಕ್ಕ ಜೀವಿ ನ್ಯೂರೋಸ್ಪೋರಾ ಎಂಬ ಶಿಲೀಂಧ್ರ. ಕಾರ್ನೆಲ್‌ನಲ್ಲಿದ್ದಾಗ ಬಿ.ಓ. ಡಾಡ್ಜ್ ಅವರ ಉಪನ್ಯಾಸದಲ್ಲಿ ಬೀಡಲ್ ಇದರ ವಿಷಯ ಕೇಳಿದ್ದರು. ಸಕ್ಕರೆ, ಕೆಲವು ಲವಣ ಹಾಗೂ ಬಯೋಟಿನ್ ಎಂಬ ಒಂದೇ ಜೀವಸತ್ವ ದೊರೆತರೆ ಸಾಕು, ಉಳಿದುದೆಲ್ಲವನ್ನೂ ಅದು ತಾನೇ ತಯಾರಿಸಿಕೊಳ್ಳುತ್ತದೆ. ಅದರಲ್ಲಿ ಪ್ರತಿ ವರ್ಣತಂತುವಿನ ಒಂದೇ ಪ್ರತಿ ಇರುವುದರಿಂದ ವಂಶವಾಹಿಯ ದೋಷವು ಮರೆಯಾಗದೆ ನೇರವಾಗಿ ಪ್ರಕಟವಾಗುತ್ತದೆ.

299ನೆಯ ಬೀಜಾಣು

ಬೂಷ್ಟಿನ ಬೀಜಾಣುಗಳ ಮೇಲೆ ಕ್ಷ-ಕಿರಣ ಹಾಯಿಸಿ, ಬಳಿಕ ಅದನ್ನು ಸಂಕರಗೊಳಿಸಿ, ಹುಟ್ಟಿದ ಬೀಜಾಣುಗಳನ್ನು ಒಂದೊಂದಾಗಿ ಬೇರ್ಪಡಿಸಿ ಪುಷ್ಟಿಕರವಾದ ಆಹಾರದಲ್ಲಿ ಬೆಳೆಸಲಾಯಿತು. ನಂತರ ಕನಿಷ್ಠ ಆಹಾರಕ್ಕೆ ಬದಲಿಸಿದಾಗ ಯಾವುದು ಬೆಳೆಯಲಾರದೋ ಅದರಲ್ಲಿ ಏನೋ ಕೊರತೆ ಇದೆಯೆಂದರ್ಥ. ಒಂದು ಸಾವಿರಕ್ಕೂ ಹೆಚ್ಚು ತಳಿಗಳನ್ನು ಸಿದ್ಧಪಡಿಸಿಕೊಂಡ ಮೇಲೆಯೇ ಅವರು ಪರೀಕ್ಷೆಗೆ ತೊಡಗಿದರು. 299ನೆಯ ಬೀಜಾಣುವಿನಿಂದ ಬಂದ ತಳಿಯು ಬಿ-6 ಜೀವಸತ್ವವನ್ನು ಕೊಟ್ಟರೆ ಮಾತ್ರ ಚೆನ್ನಾಗಿ ಬೆಳೆಯಿತು. ಅದನ್ನು ಸಹಜ ತಳಿಯೊಡನೆ ಸಂಕರಗೊಳಿಸಿದಾಗ ಎಂಟು ಬೀಜಾಣುಗಳಲ್ಲಿ ನಾಲ್ಕಕ್ಕೆ ಆ ದೋಷ ಬಂದಿತು. ಅಂದರೆ ಕೆಟ್ಟಿದ್ದುದು ಒಂದೇ ವಂಶವಾಹಿ.

1941ರಲ್ಲಿ ಪ್ರಕಟವಾದ ಈ ಸಂಶೋಧನೆಯಿಂದ 'ಒಂದು ವಂಶವಾಹಿ, ಒಂದು ಕಿಣ್ವ' ಎಂಬ ತತ್ತ್ವವು ರೂಪುಗೊಂಡಿತು. ಕಿಣ್ವಗಳಲ್ಲದ ಪ್ರೋಟೀನುಗಳಿಗೂ ವಂಶವಾಹಿಗಳೇ ಆಧಾರವೆಂದೂ, ಕೆಲವು ವಂಶವಾಹಿಗಳು ಆರ್‌ಎನ್‌ಎಯನ್ನಷ್ಟೇ ನೀಡುತ್ತವೆಂದೂ ಮುಂದೆ ತಿಳಿದು, ಈ ತತ್ತ್ವ ಪರಿಷ್ಕೃತವಾಯಿತು. ಕೆಲವು ಆನುವಂಶಿಕ ಕಾಯಿಲೆಗಳಲ್ಲಿ ರಾಸಾಯನಿಕ ಕ್ರಿಯೆಯ ಒಂದು ಹಂತ ಮಾತ್ರ ತಪ್ಪಿರುತ್ತದೆಂದು ಇಂಗ್ಲೆಂಡಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ 20ನೆಯ ಶತಮಾನದ ಆರಂಭದಲ್ಲೇ ಹೇಳಿದ್ದರು. ತಾವು ಮತ್ತೆ ಕಂಡುಕೊಂಡದ್ದು ಗ್ಯಾರಡ್ ಅರಿತಿದ್ದುದನ್ನೇ ಎಂದು ಬೀಡಲ್ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಮುಕ್ತವಾಗಿ ಒಪ್ಪಿಕೊಂಡರು.

ಮುಂದಿನ ಜೀವನ

1946ರಲ್ಲಿ ಬೀಡಲ್ ಕ್ಯಾಲ್‌ಟೆಕ್ ಸಂಸ್ಥೆಯ ಜೀವವಿಜ್ಞಾನ ವಿಭಾಗದ ಮುಖ್ಯಸ್ಥರಾದರು. 1958ರ ವೈದ್ಯಕೀಯ ನೊಬೆಲ್ ಪಾರಿತೋಷಕದ ಅರ್ಧಭಾಗ ಬೀಡಲ್ ಮತ್ತು ಟೇಟಮ್ ಅವರಿಗೂ, ಉಳಿದರ್ಧ ಜೋಶುವಾ ಲೆಡರ್‌ಬರ್ಗ್ ಅವರಿಗೂ ಸಂದಿತು. 1961ರಿಂದ 1968ರವರೆಗೆ ಷಿಕಾಗೋ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ಅವರು, ನಿವೃತ್ತಿಯ ಬಳಿಕ ಮತ್ತೆ ಜೋಳದ ಹೊಲಕ್ಕೆ ಮರಳಿದರು. ಮೆಕ್ಸಿಕೋದ ಟಿಯೋಸಿಂಟೆ ಎಂಬ ಕಾಡುಹುಲ್ಲೇ ಮುಸುಕಿನ ಜೋಳದ ಪೂರ್ವಜ ಎಂಬ ಅವರ ವಾದವನ್ನು ನಂತರದ ಡಿಎನ್‌ಎ ಅಧ್ಯಯನಗಳು ಸಮರ್ಥಿಸಿದವು. 1989ರ ಜೂನ್ 9ರಂದು ಅವರು ನಿಧನರಾದರು.

ನಮ್ಮ ದೇಶದಲ್ಲಿ

ನ್ಯೂರೋಸ್ಪೋರಾದ ಬೀಜಾಣುಗಳು ಬಿಸಿ ತಾಗಿದಾಗ ಮೊಳೆಯುತ್ತವೆ. ಆದ್ದರಿಂದಲೇ ಬೆಂಕಿ ಹಾಕಿದ ಕಬ್ಬಿನ ಗದ್ದೆಗಳಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಮೇಶ್ ಮಹೇಶ್ವರಿ ಅವರು ಕರ್ನಾಟಕದ ಕಬ್ಬಿನ ಗದ್ದೆಗಳಲ್ಲಿ ಇದರ ಜೀವನಕ್ರಮವನ್ನು ಅಧ್ಯಯನ ಮಾಡಿದರು. ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯಲ್ಲಿ ದುರ್ಗಾದಾಸ್ ಕಸಬೇಕರ್ ಅವರು ಇದೇ ಶಿಲೀಂಧ್ರದ ತಳಿವಿಜ್ಞಾನದಲ್ಲಿ ಸಂಶೋಧನೆ ನಡೆಸಿದರು. 2003ರಲ್ಲಿ ಪ್ರಕಟವಾದ ಅದರ ಸಂಪೂರ್ಣ ಜೀನೋಮಿನಲ್ಲಿ ಸುಮಾರು 10,000 ವಂಶವಾಹಿಗಳಿರುವುದು ತಿಳಿದುಬಂದಿತು. ಬೀಡಲ್ ಮತ್ತು ಟೇಟಮ್ ಅವರ ಕೈಗೆ ಮೊದಲು ಸಿಕ್ಕಿದ್ದುದು ಅವುಗಳಲ್ಲಿ ಒಂದು.